ಗದ್ವಾಲಿಗೆ ವರ್ಗವಾದ ಬೇವು

ನಮ್ಮ ಸೋದರಮಾವ ಒಂದು ಬೇವಿನ ಮರಕ್ಕೆ ಶಾಲು ಹೊದಿಸಿ, ಹಾರ ಹಾಕಿ, ಭಾಷಣ ಮಾಡಿ ಬೀಳ್ಕೊಟ್ಟವರು. ಅದೇ ಮರ ಹೊಸ ಜಾಗದಲ್ಲಿ ಕೆಲಸ ಶುರು ಮಾಡಲಿಲ್ಲವೆಂದು ಅದರ ಎದುರಿಗೆ ನಿಂತು ಸಮಜಾಯಿಷಿ ಕೇಳಿದವರೂ ಅವರೇ. ಇದು ಉತ್ಪ್ರೇಕ್ಷೆಯಲ್ಲ. ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವನು; ಎರಡೂ ಕಡೆಯವರನ್ನು ವಿಚಾರಿಸದೆ ಒಂದು ಸಾಲನ್ನೂ ಬರೆಯುವುದಿಲ್ಲ. ಮಾವನನ್ನು ಕೇಳಿದೆ, ಹೌದೆಂದರು. ಮರವನ್ನು ಕೇಳಿದೆ, ಪ್ರತಿಕ್ರಿಯೆಗೆ ಲಭ್ಯವಾಗಲಿಲ್ಲ.

ಮಾವ ಗಿರ್ದಾವರರಾಗಿದ್ದರು. ರೆವಿನ್ಯೂ ಇನ್ಸ್‌ಪೆಕ್ಟರ್ ಎಂದರೆ ಬೇರೆ ಕಡೆಯವರಿಗೆ ತಿಳಿದೀತು. ನಮ್ಮ ನಾರಾಯಣಪೇಟೆಯಲ್ಲಿ ನಿಜಾಮರು ಹೋದರೂ ಅವರ ಗಿರ್ದಾವರರು ಹೋಗಿಲ್ಲ. ಮದ್ದೂರು, ಕೋಸಗಿ, ದಾಮರಗಿದ್ದ, ಮಕ್ತಲ್ ಎಂದು ಊರಿಂದ ಊರಿಗೆ ವರ್ಗವಾಗುತ್ತಲೇ ಮಾವ ಆಯುಷ್ಯ ಸವೆಸಿದರು. ಅವರು ಸುಮ್ಮನೆ ಒಂದು ಕಡೆ ಕೂತಾಗ ಕೆಳಗಿನ ನೆಲವೇ ವರ್ಗವಾಗುತ್ತಿತ್ತು. ಆಂಧ್ರದಲ್ಲಿ ಮಲಗಿದವರು ತೆಲಂಗಾಣದಲ್ಲಿ ಎದ್ದರು. ಕೊನೆಗೆ ಹೊಸದಾಗಿ ಹುಟ್ಟಿದ ಗದ್ವಾಲ್ ಜಿಲ್ಲೆಗೆ ಹೋಗಿ ಅಲ್ಲಿಯೇ ನಿವೃತ್ತರಾದರು. ಮಗಳಿಗೆ ಗಂಡು ಸಿಕ್ಕಿದ್ದೂ ಅಲ್ಲಿಯೇ. ಸ್ವಂತ ಮನೆ ಎಂದು ನಾರಾಯಣಪೇಟೆಗೆ ಮರಳಿ ಉಸಿರು ಬಿಡುವಷ್ಟರಲ್ಲಿ ಆ ಮನೆಯೂ ಮಹಬೂಬನಗರ ಜಿಲ್ಲೆಯಿಂದ ಎದ್ದು ನಾರಾಯಣಪೇಟೆ ಜಿಲ್ಲೆಯಲ್ಲಿ ಕೂತಿತು. ಇಂಥ ಮನುಷ್ಯನಿಗೆ ಜಗತ್ತು ಒಂದು ದೊಡ್ಡ ಇಲಾಖೆಯ ಹಾಗೆ ಕಂಡರೆ ತಪ್ಪು ಯಾರದು?

ಸರ್ಕಾರವೇನೋ ಮಾವನನ್ನು ನಿವೃತ್ತಗೊಳಿಸಿತು. ಮಾವ ಸರ್ಕಾರವನ್ನು ನಿವೃತ್ತಗೊಳಿಸಲಿಲ್ಲ. ಮನೆಯಲ್ಲಿ ಹಾಲಿನವನನ್ನು ಪ್ರೊಬೇಷನ್ ಮೇಲೆ ಇಟ್ಟರು. ಪಕ್ಕದ ಮನೆಯ ಬೆಕ್ಕು ಬಂದರೆ ಅನಧಿಕೃತ ಪ್ರವೇಶ. ಫ್ಯಾನು ನಿಧಾನವಾಗಿ ತಿರುಗಿದರೆ ಕರ್ತವ್ಯಲೋಪ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಯನ್ನೇ ಕೇಳಿದರು.

"ರೊಟ್ಟಿ ತಡ ಆಗಾಕ ಕಾರಣ ಏನು?"

"ಕಾರಣ ಒಲಿ ಮ್ಯಾಲ ಐತಿ. ಬಂದು ನೋಡ್ಕೋರಿ," ಎಂದರು ಅತ್ತೆ.

ನಮ್ಮ ಅತ್ತೆ ಹೆಚ್ಚು ಮಾತನಾಡುವವರಲ್ಲ. ಆಡಿದರೆ ಒಂದೇ ವಾಕ್ಯ; ಅದಕ್ಕೆ ಮೇಲ್ಮನವಿ ಇಲ್ಲ. ಅದೇ ವಾರ ಗದ್ವಾಲಿನಿಂದ ಅಳಿಯನ ಫೋನು ಬಂತು. ಹತ್ತಿ ಬೀಜದ ಕಂಪನಿ ನಡೆಸುವ ಅಳಿಯ ಊರಾಚೆ ಹೊಸ ಆಫೀಸು ಕಟ್ಟಿಸುತ್ತಿದ್ದ. ಹತ್ತಿರ ನಿಂತು ನೋಡಿಕೊಳ್ಳುವ ಒಬ್ಬ ಹಿರಿಯರು ಬೇಕಿತ್ತು. ಅತ್ತೆ ಮಾವನ ಬಟ್ಟೆಯ ಚೀಲ ತಂದು ಕಟ್ಟೆಯ ಮೇಲಿಟ್ಟರು.

"ನಿಮ್ಮನ್ನ ರಿಲೀವ್ ಮಾಡೀನಿ. ಹೋಗ್ರಿ."

ಹೆಣ್ಣು ಕೊಟ್ಟ ಮನೆಯಲ್ಲಿ ಹೋಗಿ ತಿಂಗಳುಗಟ್ಟಲೆ ಉಣ್ಣುವುದು ನಮ್ಮಲ್ಲಿ ಮುಜುಗರದ ವಿಷಯ. ಬೀಗರು ಏನೂ ಅನ್ನದಿದ್ದರೂ ಅನ್ನವೇ ಏನೋ ಅಂದಂತೆ ಆಗುತ್ತದೆ. ಮಾವ ಅದಕ್ಕೂ ನಿಯಮ ಹುಡುಕಿಕೊಂಡರು. ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತಿದ್ದರು: "ನಾ ಬೀಗರ ಮನಿಗೆ ಬಂದಿಲ್ರಿ. ಡೆಪ್ಯುಟೇಷನ್ ಮ್ಯಾಲ ಬಂದೀನಿ."

ಆಫೀಸಿನ ನಕ್ಷೆ ಬರೆದಿದ್ದು ಹೈದರಾಬಾದಿನ ಒಬ್ಬ ಆರ್ಕಿಟೆಕ್ಟ್ ಹುಡುಗಿ. ಮುಂದೆಲ್ಲ ಗಾಜು, ನಡುವೆ ಆಕಾಶಕ್ಕೆ ಬಾಯಿ ತೆರೆದ ದೊಡ್ಡ ಅಂಗಳ, ಅಂಗಳದ ನಡುವೆ ಒಂದು ಮರ, ಸುತ್ತಲೂ ಗಾಜಿನ ಕೋಣೆಗಳು. ಯಾವ ಕುರ್ಚಿಯಲ್ಲಿ ಕೂತು ತಲೆಯೆತ್ತಿದರೂ ಮರ ಕಾಣಬೇಕು, ಇದು ಅವಳ ಹಟ. ಅವಳು ಮೇಜಿನ ಮೇಲೆ ನಕ್ಷೆ ಹರಡಿದಳು. ಅವಳದು ತೆಲುಗು, ಮಾವನದು ಕನ್ನಡ. ನಮ್ಮ ಕಡೆ ಆ ಎರಡರ ನಡುವೆ ದುಭಾಷಿ ಬೇಕಾಗುವುದಿಲ್ಲ.

"ಇವೇನವ್ವಾ ಇವು, ಗುಂಡ ಗುಂಡಗ?"

"ಚೆಟ್ಲು ಸಾರ್. ಮರಗಳು."

"ಯಾವ ಮರ?"

"ಇನ್ನೂ ಗೊತ್ತಾಗಿಲ್ಲ ಸಾರ್. ಸದ್ಯಕ್ಕೆ ಮರ ಅಷ್ಟೇ."

ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ಹೆಸರಿಲ್ಲ, ಊರಿಲ್ಲ. ಬರೇ ಸೊನ್ನಿ ಬರ್ದು ಆಫೀಸಿನಾಗ ಕುಂದ್ರಿಸಿದ್ರ ಹೆಂಗವ್ವಾ? ಗುಮಾಸ್ತನ ಜಾಗದಾಗೂ ಹಿಂಗ ಸೊನ್ನಿ ಬರೀತೀಯೇನು?"

"ಇಲ್ಲ ಸಾರ್, ಅವರಿಗೆ ಚೌಕ," ಎಂದು ಅವಳು ಗಾಜಿನ ಕೋಣೆಗಳೊಳಗಿನ ಸಣ್ಣ ಸಣ್ಣ ಚೌಕಗಳನ್ನು ತೋರಿಸಿದಳು.

ಮಾವ ಬಗ್ಗಿ ನೋಡಿದರು. ಒಂದು ಸೊನ್ನೆಯೊಳಗೆ ಹತ್ತಾರು ಚೌಕ ಹಿಡಿಯುವಂತಿತ್ತು. ಮುಖ ಅರಳಿತು. "ಮಂದಿಗಿಂತ ಮರಾನೇ ದೊಡ್ಡಾವು. ಛಲೋ ಆಫೀಸು." ಅಂದಿನಿಂದ ಅವಳು ಮಾವನ ಬಾಯಲ್ಲಿ 'ನಮ್ಮ ಇಂಜಿನಿಯರವ್ವ' ಆದಳು, ಮಾವ ಆ ಕಚೇರಿಯ ಮರಗಳ ನೇಮಕಾತಿ ಅಧಿಕಾರಿ ಆದರು. ಆದೇಶ ಕೊಟ್ಟವರು ಯಾರು? ಅವರೇ.

ಮೊದಲು ಸಂದರ್ಶನಕ್ಕೆ ಬಂದವು ಪಾಮ್ ಮರಗಳು. ಹೈದರಾಬಾದಿನ ದೊಡ್ಡ ಕಚೇರಿಗಳ ಮುಂದೆ ಸಾಲಾಗಿ ನಿಲ್ಲುವಂಥವು. ಅಳಿಯನಿಗೆ ಅವುಗಳ ಮೇಲೆ ಬಹಳ ಆಸೆ. ಮಾವ ಒಂದರ ಬುಡದಲ್ಲಿ ನಾಲ್ಕು ಗಂಟೆಯ ಬಿಸಿಲಲ್ಲಿ ಕುರ್ಚಿ ಹಾಕಿಸಿ ಕೂತರು. ನೆರಳು ಎಲ್ಲಿದೆ? ಮರದ ತುದಿಯಿಂದ ಹೊರಟು, ಕಾಂಪೌಂಡ್ ದಾಟಿ, ರಸ್ತೆಯ ಆಚೆ ಮಲಗಿದ್ದ ಒಂದು ನಾಯಿಯ ಮೇಲೆ ಬಿದ್ದಿತ್ತು. ಮಾವ ಬೆವರು ಒರೆಸಿಕೊಂಡು ತೀರ್ಪು ಕೊಟ್ಟರು: "ಇವು ಸೆಲ್ಯೂಟ್ ಹೊಡಿಯಾಕ ಬಂದಾವ. ಕೆಲಸ ಮಾಡಾಕಲ್ಲ. ಗೇಟಿಗೆ ಎರಡು ಸಾಕು."

ಗುತ್ತಿಗೆದಾರ ಕೋನೋಕಾರ್ಪಸ್ ಹಚ್ಚೋಣ ಎಂದ. ಆ ವರ್ಷಗಳಲ್ಲಿ ಎಲ್ಲಿ ನೋಡಿದರೂ ಅದೇ. ರಸ್ತೆಯ ನಡುವೆ, ಕಚೇರಿಯ ಸುತ್ತ, ಇಂದು ನೆಟ್ಟರೆ ನಾಳೆ ಎದೆಯೆತ್ತರ ಎನ್ನುವ ಗಿಡ. ಮಾವನಿಗೆ ಅನುಮಾನ ಬಂತು. "ಇಷ್ಟು ಲಗೂ ಮ್ಯಾಲ ಹೋಗಾಕತ್ತಾನಂದ್ರ ಎಲ್ಲೋ ವಶೀಲಿ ಇರಬೇಕು," ಎಂದು ಅರ್ಜಿ ತಿರಸ್ಕರಿಸಿದರು. ಹುಲ್ಲುಹಾಸಿಗೆ ಒಪ್ಪಿದರು, ಆದರೆ ಅದನ್ನು ತುಳಿಯಬಾರದು ಎಂಬ ಫಲಕ ಕಂಡು ಬೇಸರಪಟ್ಟರು. "ಹುಲ್ಲು ಹಚ್ಚಿ ಎಮ್ಮಿಗೂ ಬಿಡಂಗಿಲ್ಲ, ಮನಷ್ಯಾಗೂ ಬಿಡಂಗಿಲ್ಲ. ಇದೇನು ಸರಕಾರಿ ಗೋದಾಮೇನು?"

ಬೋನ್ಸಾಯ್ ಪ್ರಕರಣ ಮಾತ್ರ ಗಂಭೀರವಾದದ್ದು. ಸ್ವಾಗತದ ಮೇಜಿಗೆಂದು ಇಂಜಿನಿಯರವ್ವ ಒಂದು ಕುಳ್ಳ ಆಲದ ಗಿಡ ತಂದಿದ್ದಳು. ಅಂಗೈಯಗಲದ ತಟ್ಟೆಯಲ್ಲಿ ಬಿಳಲು ಬಿಟ್ಟುಕೊಂಡು ನಿಂತಿತ್ತು. ಮಾವ ಅದರ ವಯಸ್ಸು ಕೇಳಿದರು. ನಿಮ್ಮ ಮಗಳಷ್ಟು ದೊಡ್ಡದು ಸಾರ್, ಆದರೆ ಬೆಳೆಯುವುದು ಇಷ್ಟೇ ಎಂದಳು ಅವಳು ಹೆಮ್ಮೆಯಿಂದ. ಮಾವ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಯಾವ ಪಾಪಿ ಇದರ ಇನ್‌ಕ್ರಿಮೆಂಟ್ ತಡದಾನ?"

ಮರುದಿನ ಬೆಳಗ್ಗೆ ಮೇಜಿನ ಮೇಲೆ ಬರಿಯ ತಟ್ಟೆ ಇತ್ತು. ಆಲ ಹಿತ್ತಲಿನ ಗೋಡೆಯ ಬಳಿ ನೆಲಕ್ಕೆ ಇಳಿದಿತ್ತು. ಇಂಜಿನಿಯರವ್ವ ಎರಡು ದಿನ ಮಾವನ ಜೊತೆ ಮಾತು ಬಿಟ್ಟಳು. ಗಿಡ ಮಾತ್ರ ತಡೆಹಿಡಿದ ಬಾಕಿಯನ್ನೆಲ್ಲ ಬಡ್ಡಿ ಸಮೇತ ವಸೂಲು ಮಾಡುವಂತೆ ಬೆಳೆಯತೊಡಗಿತು.

ಉಳಿದದ್ದು ಅಂಗಳದ ನಡುವಿನ ದೊಡ್ಡ ಸೊನ್ನೆ. ಅಲ್ಲಿಗೆ ಸಸಿ ಸಾಲದು, ಬೆಳೆದ ಮರವೇ ಬೇಕು ಎಂದಳು ಹುಡುಗಿ. ಬೆಳೆದ ಮರವನ್ನು ಎಲ್ಲಿಂದ ತರುವುದು? ಆಗಲೇ ಮಕ್ತಲ್‌ನಲ್ಲಿ ರಸ್ತೆ ಅಗಲ ಮಾಡುತ್ತಿದ್ದರು. ಮಾವ ಅಲ್ಲಿದ್ದಾಗ ಜೀಪಿಗೆ ಕಾಯುತ್ತ ಯಾವುದರ ನೆರಳಲ್ಲಿ ನಿಲ್ಲುತ್ತಿದ್ದರೋ ಆ ಬೇವಿನ ಮರ ಕಡಿಯುವ ಸಾಲಿಗೆ ಬಂದಿತ್ತು. ಸುದ್ದಿ ಕೇಳಿದ ಮಾವ ಅಳಿಯನ ಎದುರು ಕೂತು ವಿಷಯ ಮಂಡಿಸಿದರು.

"ನೋಡ್ರಿ ಅಳಿಯಾರ, ಗದ್ವಾಲ್‌ದಾಗ ಪೋಸ್ಟ್ ಖಾಲಿ ಐತಿ. ಮಕ್ತಲ್‌ದಾಗ ಮುಲಾಜಿಮ್ ಹೆಚ್ಚಾಗ್ಯಾನ. ಇದು ಕಡಿಯೂ ಮಾತಲ್ಲ, ವರ್ಗಾ ಮಾಡೂ ಮಾತು."

ಮುಲಾಜಿಮ್ ಎಂದರೆ ನೌಕರ. ಬೇರು ಸಮೇತ ಮರ ಎತ್ತಿ ಬೇರೆಡೆ ನೆಡುವ ಕೆಲಸ ಹೈದರಾಬಾದಿನಲ್ಲಿ ಆಗಲೇ ರೂಢಿಯಲ್ಲಿತ್ತು. ಇಂಜಿನಿಯರವ್ವ ಕುಣಿದಾಡಿದಳು. ಅಳಿಯ ಒಪ್ಪಿದ. ಪರವಾನಗಿ ಸಿಕ್ಕಿತು. ಸುತ್ತ ಅಗೆದು, ಬೇರಿನ ಮಣ್ಣಿಗೆ ಗೋಣಿತಟ್ಟು ಸುತ್ತಿ, ರೆಂಬೆಗಳನ್ನು ಸವರಿ, ಕ್ರೇನು ಬರುವ ದಿನವೂ ಗೊತ್ತಾಯಿತು.

ಇಷ್ಟಕ್ಕೆ ಬಿಟ್ಟಿದ್ದರೆ ಅವರು ನಮ್ಮ ಮಾವ ಹೇಗಾದಾರು? ವರ್ಗವಾದವರನ್ನು ಬೀಳ್ಕೊಡದೆ ಕಳಿಸುವ ಸಂಪ್ರದಾಯ ಯಾವ ಇಲಾಖೆಯಲ್ಲಿದೆ? ಅಂದು ಬೆಳಗ್ಗೆ ನಾನೂ ಮಕ್ತಲ್‌ನಲ್ಲಿದ್ದೆ. ಮರಕ್ಕೆ ಚೆಂಡುಹೂವಿನ ಹಾರ, ಶಾಲು, ನೆರೆದವರಿಗೆ ಮಿರ್ಚಿ ಭಜಿ. ಆಟೋದವರು, ಚಹಾದಂಗಡಿಯವರು, ಮಾವನ ಹಳೆಯ ಸಹೋದ್ಯೋಗಿಗಳು ಸೇರಿದ್ದರು. ಮಾವ ಮಾತಾಡಿದರು.

"ಇವರು ಇಲ್ಲಿ ಇಷ್ಟು ವರ್ಷ ಸೇವೆ ಮಾಡ್ಯಾರ. ಒಂದಿನ ರಜಾ ತಗೊಂಡಿಲ್ಲ. ಯಾರ ಜಾತಿ ಕೇಳಿಲ್ಲ, ಯಾರ ಕೈಯಾಗೂ ಒಂದು ರೂಪಾಯಿ ಮುಟ್ಟಿಲ್ಲ. ನಮ್ಮ ಇಲಾಖಾದಾಗ ಇಂಥಾವ್ರು ಇದ್ದಿದ್ರ..." ಎಂದು ಸಹೋದ್ಯೋಗಿಗಳ ಕಡೆ ನೋಡಿ, ವಾಕ್ಯ ಮುಗಿಸುವುದು ಬೇಡವೆಂದು ಕೆಮ್ಮಿದರು.

ಸಭೆ ಮುಗಿಸಿ ನಾವೆಲ್ಲ ಊಟಕ್ಕೆ ಹೋದೆವು. ಅದೇ ತಪ್ಪಾದದ್ದು. ಶಾಲು ಹೊದ್ದ ಮರವನ್ನು ಒಂಟಿಯಾಗಿ ಬಿಟ್ಟು ಹೋದರೆ ನಮ್ಮ ಸೀಮೆಯಲ್ಲಿ ಏನಾಗಬೇಕೋ ಅದೇ ಆಗಿತ್ತು. ಬಂದು ನೋಡಿದರೆ ಬೊಡ್ಡೆಗೆ ಅರಿಶಿನ, ಕುಂಕುಮ, ಬಂಡಾರ. ಬುಡದಲ್ಲಿ ಒಡೆದ ಕಾಯಿ, ಹೊಗೆಯಾಡುವ ಊದುಕಡ್ಡಿ. ಒಬ್ಬ ಹೆಂಗಸು ಮಗುವನ್ನು ಮರದ ಮುಂದೆ ಮಲಗಿಸಿ ಎತ್ತಿಕೊಳ್ಳುತ್ತಿದ್ದಳು. ಕ್ರೇನಿನ ಡ್ರೈವರ್ ಇಳಿದು ಬಂದು, ಚಪ್ಪಲಿ ಬಿಟ್ಟು, ಕೈಮುಗಿದು, ದೂರ ಹೋಗಿ ನಿಂತಿದ್ದ.

"ಏನಪಾ, ಎತ್ತು," ಎಂದರು ಮಾವ.

"ದೇವ್ರನ್ನ ನಾ ಎತ್ತಂಗಿಲ್ರಿ."

"ದೇವ್ರಲ್ಲಪಾ ಇದು. ವರ್ಗಾ ಆದ ಮುಲಾಜಿಮ್."

"ದೇವ್ರನ್ನ ವರ್ಗಾ ಮಾಡಾಕ ನೀವ್ಯಾರ್ರೀ?"

"ಶಾಲು ಹೊದಿಸಿದಾಂವ ನಾನ. ತಗೀತೀನಿ ಬೇಕಾರ."

"ಶಾಲು ತಗದ್ರ ದೇವ್ರು ಇಳಕೊಂಡು ಹೋಗ್ತಾನೇನು? ಅಪ್ಪಣಿ ಕೇಳ್ರಿ. ಹೂ ಬಲಕ್ಕ ಬಿದ್ರ ಎತ್ತತೀನಿ. ಎಡಕ್ಕ ಬಿದ್ರ ಕ್ರೇನ್ ತಗೊಂಡು ರಾಯಚೂರಿಗೆ ಹೋಗ್ತೀನಿ."

ಮೇಲಧಿಕಾರಿಯ ಅಪ್ಪಣೆ ಎಂದರೆ ಮಾವ ಮರುಮಾತಾಡುವವರಲ್ಲ. ಕೈಮುಗಿದು ನಿಂತರು. ನೆರೆದವರೂ ನಿಂತರು. ಬಿಸಿಲು ಏರಿತು. ಹೂವು ಅಲುಗಲಿಲ್ಲ. ಮಗು ಅತ್ತಿತು. ರಸ್ತೆ ಗುತ್ತಿಗೆದಾರ ಗಡಿಯಾರ ನೋಡಿಕೊಂಡ. ಆಗ ಹಾರದಿಂದ ಒಂದು ಚೆಂಡುಹೂವು ಕಳಚಿ, ಉರುಳಿ, ಬಲಕ್ಕೆ ಬಿತ್ತು.

"ಬಂತು ನೋಡಪಾ ರಿಲೀವಿಂಗ್ ಆರ್ಡರ್," ಎಂದರು ಮಾವ. ಡ್ರೈವರ್ ಮತ್ತೊಮ್ಮೆ ಕೈಮುಗಿದು ಕ್ರೇನು ಹತ್ತಿದ. ಹಾರದ ಇನ್ನೊಂದು ತುದಿಯನ್ನು ಮರದ ಹಿಂದಿನಿಂದ ಒಂದು ಆಡು ಎಳೆದು ತಿನ್ನುತ್ತಿತ್ತು ಎಂಬುದನ್ನು ದಾಖಲೆಯ ದೃಷ್ಟಿಯಿಂದ ಇಲ್ಲಿ ನಮೂದಿಸುತ್ತೇನೆ.

ಮಕ್ತಲ್‌ನಿಂದ ಗದ್ವಾಲಿಗೆ ಬೇವು ಲಾರಿಯಲ್ಲಿ ಮಲಗಿ ಹೊರಟಿತು. ಮುಂದೆ ಒಬ್ಬ ಬಿದಿರು ಗಳದಿಂದ ಕರೆಂಟು ತಂತಿ ಎತ್ತುತ್ತಿದ್ದ, ಹಿಂದೆ ಮಾವ ಕೂತ ಅಳಿಯನ ಜೀಪು. ಹಳ್ಳಿಹಳ್ಳಿಯಲ್ಲಿ ಜನ ಎದ್ದು ನಿಂತರು. ಜುರಾಲ ಅಣೆಕಟ್ಟಿನ ಹತ್ತಿರ ಮೀನು ತಿನ್ನಲು ಕೂತವರು ತಟ್ಟೆ ಕೈಯಲ್ಲಿ ಹಿಡಿದೇ ಎದ್ದರು. ಯಾರ ಮೆರವಣಿಗೆ ಎಂದು ಕೇಳಿದವರಿಗೆಲ್ಲ ಮಾವ ತಲೆ ಹೊರಹಾಕಿ ಒಂದೇ ಉತ್ತರ ಕೊಟ್ಟರು: "ನಮ್ಮ ಇಲಾಖಾದವ್ರು." ಗದ್ವಾಲಿನ ಅಂಗಳದ ಗುಂಡಿಯಲ್ಲಿ ಮರ ನಿಂತಾಗ ಹೊತ್ತು ಇಳಿದಿತ್ತು. ಮಾವ ಅದನ್ನು ಮಧ್ಯಾಹ್ನದ ಹಾಜರಿ ಎಂದು ಪರಿಗಣಿಸಿದರು.

ಆಮೇಲೆ ಶುರುವಾಯಿತು ಕಾಯುವುದು.

ಮರ ಬೋಳಾಗಿತ್ತು. ಸವರಿದ ಕೊಂಬೆಗಳು ಮೇಲೆದ್ದು, ಮೈಗೆಲ್ಲ ಗೋಣಿ ಸುತ್ತಿಕೊಂಡು, ಪೊಲೀಸರಿಗೆ ಶರಣಾದವನಂತೆ ಕೈಯೆತ್ತಿ ನಿಂತಿತ್ತು. ಎಲೆ ಯಾವಾಗ ಎಂದು ಅಳಿಯ ಕೇಳಿದ. "ಬದಲಿಯಾಗಿ ಬಂದಾವ್ರಿಗೆ ಜಾಯಿನಿಂಗ್ ಟೈಮ್ ಅಂತ ಇರ್ತೈತ್ರಿ," ಎಂದರು ಮಾವ. ಚಳಿ ಹೋಯಿತು. "ಮೆಡಿಕಲ್ ಲೀವ್ ಹಾಕೈತಿ," ಎಂದರು. ಯುಗಾದಿ ಬಂತು. ಗದ್ವಾಲಿನ ಬೇವುಗಳೆಲ್ಲ ಹೂವು ಹೊತ್ತು ಓಣಿ ಓಣಿ ಘಮಘಮಿಸಿದವು. ಅಂಗಳದ ಬೇವು ಮಾತ್ರ ಹಾಗೆಯೇ. "ಲಾಸ್ ಆಫ್ ಪೇ," ಎಂದರು ಮಾವ, ತಗ್ಗಿದ ದನಿಯಲ್ಲಿ. ಬೇರು ಮೊದಲು, ಎಲೆ ಆಮೇಲೆ, ಇನ್ನೂ ತಿಂಗಳುಗಳು ಬೇಕಾಗಬಹುದು ಎಂದು ಇಂಜಿನಿಯರವ್ವ ಫೋನಿನಲ್ಲಿ ಹೇಳುತ್ತಲೇ ಇದ್ದಳು.

ಅಷ್ಟು ತಾಳ್ಮೆ ಅಳಿಯನಿಗೆ ಎಲ್ಲಿಂದ ಬರಬೇಕು? ಬೇರೆ ಯಾವ ವ್ಯಾಪಾರದವನಾದರೂ ಬೋಳು ಮರ ಇಟ್ಟುಕೊಂಡು ಬದುಕಿಯಾನು. ಇವನದು ಬೀಜದ ಕಂಪನಿ! ಮುಂಗಾರಿಗೆ ಮೊದಲು ಉದ್ಘಾಟನೆ. ಅಂದು ಸುತ್ತಲಿನ ಬೀಜದ ಡೀಲರುಗಳೆಲ್ಲ ಬರುವವರು. ಅವರಲ್ಲೊಬ್ಬ ಮುಂಚಿತವಾಗಿ ಬಂದು ಅಂಗಳ ನೋಡಿ ನಕ್ಕಿದ್ದ.

"ಶೇಠ್, ನಿಮ್ಮ ಅಂಗಳದಾಗಿನ ಮರಾನ ಚಿಗುರವಲ್ದು. ನಿಮ್ಮ ಬೀಜ ನಮ್ಮ ಹೊಲದಾಗ ಹೆಂಗ ಮೊಳೀತಾವ?"

ಅಳಿಯ ಅಂದು ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಮಾವನ ಪಕ್ಕ ಬಂದು ಕೂತು ಮೆಲ್ಲಗೆ ಹೇಳಿದ: "ಮಾಮಾರ, ಉದ್ಘಾಟನಿ ಮಟ ನೋಡ್ತೀನಿ. ಚಿಗುರಿದ್ರ ಇರ್ಲಿ. ಇಲ್ಲಂದ್ರ ಕಡಿಸಿ ಹೈದರಾಬಾದಿಂದ ಫೈಬರ್ ಮರ ತರಸ್ತೀನಿ. ಸಿಟ್ಟಾಗಬ್ಯಾಡ್ರಿ. ನನ್ನ ಮಂದಿ ಹೊಟ್ಟಿ ಪ್ರಶ್ನಿ ಐತಿ."

"ಫೈಬರ್ ಮರ?"

"ಹೌದ್ರಿ. ದೂರಿಂದ ಗೊತ್ತಾಗಂಗಿಲ್ಲ."

"ಹಾಜರಿ ಹಾಕಿ ಮನಿಗೆ ಹೋಗಾವ್ರನ್ನ ನೋಡೀನಿ ಅಳಿಯಾರ. ಹುಟ್ಟದಿದ್ದಾವ್ರ ಹಾಜರಿ ಹಾಕಿದ್ದು ನೋಡಿದ್ದಿಲ್ಲ."

ಹಾಗಂದರೂ ಮಾವನಿಗೆ ಗೊತ್ತಿತ್ತು, ಅಳಿಯನ ಮಾತಿನಲ್ಲಿ ತಪ್ಪಿಲ್ಲವೆಂದು. ಆಮೇಲೆ ಅವರು ಮರದ ಮೇಲೆ ನೇರ ಕ್ರಮಕ್ಕಿಳಿದರು. ಬೆಳಗ್ಗೆ ಮರದ ಎದುರು ಕೈಕಟ್ಟಿ ನಿಂತು ವಿಚಾರಣೆ. ಲೆಕ್ಕ ನೋಡುವ ಸಿಬ್ಬಂದಿ ಆಗಲೇ ಗಾಜಿನ ಕೋಣೆಗಳಿಗೆ ಬಂದು ಕೂತಿದ್ದರು. ಯಾವ ಕುರ್ಚಿಯಿಂದ ತಲೆಯೆತ್ತಿದರೂ ಮರ ಕಾಣಬೇಕಲ್ಲ? ಈಗ ಮರದ ಜೊತೆ ಮಾವನೂ ಕಾಣತೊಡಗಿದರು. "ಬಂದು ಎಷ್ಟು ದಿನ ಆತು? ಏನ್ ಕೆಲಸ ತೋರಿಸೀದಿ?" ಎಂದು ಅವರು ಗುಡುಗಿದ ಒಂದು ಬೆಳಗ್ಗೆ ಗಾಜಿನ ಹಿಂದಿನ ಅಕೌಂಟೆಂಟ್ ತಾನಾಗಿಯೇ ಎದ್ದು ನಿಂತ. ಆ ವಾರ ಕಂಪನಿಯ ಬ್ಯಾಲೆನ್ಸ್ ಶೀಟು ಎಂದಿಗಿಂತ ಬೇಗ ತಯಾರಾಯಿತು. ಮರದಲ್ಲಿ ಒಂದು ಎಲೆಯೂ ಕಾಣಲಿಲ್ಲ.

ಸಂಜೆ ನಾರಾಯಣಪೇಟೆಯಿಂದ ಅತ್ತೆಯ ಫೋನು ಬರುತ್ತಿತ್ತು. ಅವರಿಗೆ ಇದೆಲ್ಲ ತಮಾಷೆ.

"ಮರ ಡ್ಯೂಟಿಗೆ ಬಂತೇನ್ರಿ?"

"ಇಲ್ಲ."

"ನೀವು ಊಟಕ್ಕ ಬಂದ್ರಿ?"

"ಇಲ್ಲ."

ಈ ಎರಡನೆಯ 'ಇಲ್ಲ' ಮೇಲಿಂದ ಮೇಲೆ ಬಂದದ್ದರಿಂದ ಅತ್ತೆ ಒಂದು ದಿನ ಜೋಳದ ರೊಟ್ಟಿಯ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದರು. ಉದ್ಘಾಟನೆಗೆ ಮೂರೇ ದಿನ ಉಳಿದಿತ್ತು. ನಾನೂ ಅದಕ್ಕೇ ಬಂದಿದ್ದೆ. ಬಸ್ ನಿಲ್ದಾಣದಿಂದ ಅವರನ್ನು ನೇರ ಆಫೀಸಿಗೇ ಕರೆತಂದೆ. ಅತ್ತೆ ಗಾಜಿನ ಗೋಡೆಗಳನ್ನು ನೋಡಲಿಲ್ಲ, ನೆಲದ ನುಣುಪನ್ನು ನೋಡಲಿಲ್ಲ. ಅಂಗಳಕ್ಕೆ ಹೋಗಿ ಮರವನ್ನು ಬುಡದಿಂದ ತುದಿಯ ತನಕ ನೋಡಿದರು. ಮಾವ ಆರೋಪಪಟ್ಟಿ ಓದಿದರು.

"ನೋಡು. ನೀರು ಹಾಕೀವಿ, ಗೊಬ್ಬರ ಹಾಕೀವಿ, ಬಿಸಿಲು ಬೀಳಬಾರ್ದಂತ ಹಸರು ಬಟ್ಟಿ ಕಟ್ಟೀವಿ. ಏನ್ ಕಮ್ಮಿ ಆಗೈತಿ ಇದಕ್ಕ? ಒಂದ್ ಎಲಿ. ಬರೇ ಒಂದ್ ಎಲಿ ಕೇಳಾಕತ್ತೀನಿ."

"ಗದರಸಬ್ಯಾಡ್ರಿ ಅದಕ್ಕ."

"ಗದರಸಾಕತ್ತಿಲ್ಲ. ಕೇಳಾಕತ್ತೀನಿ."

"ಹೊಸ ಊರಿಗೆ ಬಂದೈತಿ. ನಾ ಕೋಸಗಿಗೆ ಬಂದಾಗ ಎಷ್ಟು ದಿನ ಬಾಯಿ ಬಿಟ್ಟಿದ್ದಿಲ್ಲ, ನೆನಪೈತೇನು ನಿಮಗ?"

ಮಾವ ನಕ್ಕರು. "ನೀ ಮೊದಲಿಂದ ಮಾತು ಕಮ್ಮಿನ."

"ಕಮ್ಮಿ ಇದ್ದಿದ್ದಿಲ್ರಿ," ಎಂದರು ಅತ್ತೆ. "ಆಗೈತಿ."

ಗಾಜಿನ ಹಿಂದೆ ಯಾರದೋ ಫೋನು ಬಡಿದುಕೊಂಡು ನಿಂತಿತು. ಅತ್ತೆ ಮರದ ಕಟ್ಟೆಯ ಮೇಲೆ ಕೂತರು. ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೇಳಿದರು.

"ನಮ್ಮ ತವರಮನಿ ಓಣ್ಯಾಗ ನನ್ನ ಬಾಯಿಗೆ ಅಂಜಿ ಬಳಿಗಾರ ಮೊದ್ಲ ನಮ್ಮನಿಗೆ ಬರ್ತಿದ್ದ. ನಿಮ್ಮ ಜೋಡಿ ಮದ್ದೂರಿಗೆ ಬಂದೆ. ಅಲ್ಲಿ ಮಾತಿಗೊಬ್ಬಾಕಿ ಸಿಗೂದ್ರಾಗ ಕೋಸಗಿ. ಕೋಸಗ್ಯಾಗ ಒಬ್ಬಾಕಿ ಗೆಳತಿ ಆಗೂದ್ರಾಗ ದಾಮರಗಿದ್ದ. ನೀವು ಬೆಳಿಗ್ಗೆ ಆಫೀಸಿಗೆ ಹೋಗ್ತಿದ್ರಿ, ಅಲ್ಲಿ ಮಂದಿ ಇರ್ತಿದ್ರು. ನಾ ಗೋಡಿ ನೋಡ್ಕೋತ ಕುಂದ್ರತಿದ್ದೆ. ಆಮ್ಯಾಲ ಆಮ್ಯಾಲ ಯಾರ ಜೋಡಿನೂ ಮಾತು ಬೆಳೆಸೂದು ಬ್ಯಾಡ ಅಂತ ಬಿಟ್ಟೆ. ನಿಮಗ ಜಾಯಿನಿಂಗ್ ಟೈಮ್ ಇತ್ತು. ನನಗ ಯಾರು ಕೊಟ್ರು?"

ಎಲ್ಲದಕ್ಕೂ ಒಂದು ನಿಯಮ ಸಂಖ್ಯೆ ತಿಳಿದಿದ್ದ ಮಾವ ಅಂಗಿಯ ಗುಂಡಿ ಸರಿಮಾಡಿಕೊಂಡು ಅಳಿಯನ ಕೋಣೆಗೆ ನಡೆದರು. ಬಾಗಿಲು ತೆರೆದೇ ಇತ್ತು. ಅಳಿಯ ಗಡಬಡಿಸಿ ಎದ್ದ. ಮಾವ ಕೂರಲಿಲ್ಲ. ಇಡೀ ಸರ್ವೀಸಿನಲ್ಲಿ ತಮಗಾಗಿ ಯಾರ ಮುಂದೂ ಕೈಯೊಡ್ಡದವರು, ಹೆಣ್ಣು ಕೊಟ್ಟ ಹಿರಿಯರು, ಅಳಿಯನ ಮೇಜಿನ ಮುಂದೆ ಕೈಮುಗಿದು ನಿಂತರು.

"ಇದಕ್ಕೊಂದು ಮಳಿಗಾಲ ಕೊಡ್ರಿ ಅಳಿಯಾರ. ನಿಮ್ಮ ವ್ಯಾಪಾರಕ್ಕ ಪೆಟ್ಟು ಬೀಳ್ತೈತಿ, ಗೊತ್ತೈತಿ ನನಗ. ಆದ್ರೂ ಕೊಡ್ರಿ."

ಅಳಿಯ ಓಡಿ ಬಂದು ಆ ಕೈಗಳನ್ನು ಹಿಡಿದುಕೊಂಡ. ಅವನ ಕೋಣೆಯಿಂದಲೂ ಅಂಗಳ ಕಾಣುತ್ತದೆ. ಬೋಳು ಮರ, ಅದರ ಬುಡದಲ್ಲಿ ಗಂಟು ಹಿಡಿದು ಕೂತ ಅತ್ತೆ.

"ಅತ್ತಿಯಾರು ಕುಂತಾರಲ್ರಿ ಅಲ್ಲಿ," ಎಂದ. "ಅವ್ರು ಏಳೂ ಮಟ ಆ ಮರ ಯಾರು ಮುಟ್ಟತಾರ?"

ಉದ್ಘಾಟನೆ ಬೋಳು ಮರದ ಸುತ್ತಲೇ ನಡೆಯಿತು. ಡೀಲರುಗಳು ಬಂದರು, ಮರ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಳಿಯ ಎಲ್ಲರಿಗೂ ಮೊದಲೇ ಹೇಳಿಬಿಟ್ಟ: "ಮಕ್ತಲ್‌ನಿಂದ ಬಂದೈತ್ರಿ. ಊರು ಹೊಂದಾಕ ಟೈಮ್ ಬೇಕು." ಹೇಳಿದ್ದು ವ್ಯಾಪಾರಿಗಳಿಗೆ, ಆದರೆ ಕೇಳಿದವರಲ್ಲಿ ಹೊಲದವರೂ ಇದ್ದರು, ಅವರು ತಲೆಯಾಡಿಸಿ ಊಟಕ್ಕೆ ಕೂತರು. ಕೆಲವರು ಆ ವರ್ಷ ಬೇರೆ ಕಂಪನಿಯ ಬೀಜ ಕೊಂಡರು ಎಂಬುದೂ ನಿಜ. ಅತ್ತೆ ನಾರಾಯಣಪೇಟೆಗೆ ಮರಳಲಿಲ್ಲ. ಮಾವ ಮಗಳ ಮನೆ ಬಿಟ್ಟು ಆಫೀಸಿನ ಹತ್ತಿರವೇ ಒಂದು ಬಾಡಿಗೆ ಮನೆ ಹಿಡಿದರು.

ಮೃಗಶಿರೆಯ ಮಳೆ ಎರಡು ಸಲ ಬಿದ್ದ ಮೇಲೆ ನಾನು ಮತ್ತೆ ಗದ್ವಾಲಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ ಇರಬೇಕು. ಅಂಗಳದ ನೆಲ ಇನ್ನೂ ಒದ್ದೆ ಇತ್ತು. ಮರದ ಬಳಿ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಅತ್ತೆ ಕೂತು ಮಾತಾಡುತ್ತಿದ್ದರು. ಕೈ ಬೀಸಿ, ದನಿ ಬದಲಿಸಿ, ಹಳೆಯ ಊರುಗಳ ಯಾರ್ಯಾರನ್ನೋ ಅಣಕಿಸಿ, ನಡುನಡುವೆ ತಾವೇ ನಕ್ಕು. ನಾನು ಆ ಅತ್ತೆಯನ್ನು ಅಲ್ಲಿಯ ತನಕ ನೋಡಿಯೇ ಇರಲಿಲ್ಲ. ಮಾವ ಅವರ ಎದುರಿಗೆ, ಮರಕ್ಕೆ ಬೆನ್ನು ಹಾಕಿ, ಮೊಣಕಾಲ ಮೇಲೆ ಕೈಯಿಟ್ಟು ಬಾಗಿ ಕೇಳುತ್ತಿದ್ದರು.

ಅವರ ತಲೆಯಿಂದ ಒಂದು ಮೊಳ ಮೇಲೆ, ಗೋಣಿ ಹರಿದ ಜಾಗದಲ್ಲಿ, ಬೊಡ್ಡೆಯಿಂದಲೇ ಹೊರಟ ಎಳೆಯ ಚಿಗುರು. ತಾಮ್ರದ ಬಣ್ಣ, ಬೆರಳಷ್ಟು ಉದ್ದ, ಇನ್ನೂ ನೀರು ಜಿನುಗುತ್ತಿತ್ತು.

"ಮಾಮಾ, ಮ್ಯಾಲ ನೋಡ್ರಿ..." ಎಂದೆ.

ಮಾವ ತಿರುಗಲಿಲ್ಲ. ಅತ್ತೆಯ ಮುಖದಿಂದ ಕಣ್ಣು ಕೀಳದೆ ನನ್ನ ಕಡೆ ಕೈಯೆತ್ತಿ ತಡೆದರು.

"ತಡಿಯಪಾ. ಅಕಿ ಇನ್ನಾ ಕೋಸಗ್ಯಾಗ ಅದಾಳ."